ಪಾರ್ಕ್ ರಸ್ತೆಯ ಏಟುಗಳು

ನಮ್ಮ ಬಡಾವಣೆಗೆ ಕಾಗದಪತ್ರಗಳಲ್ಲಿ ಬೇರೆ ಹೆಸರಿದೆ. ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಆಟೋ ಹತ್ತಿ ಆ ಹೆಸರು ಹೇಳಿದರೆ ಚಾಲಕ ತಲೆ ಕೆರೆದುಕೊಳ್ಳುತ್ತಾನೆ. ಪಾರ್ಕ್ ರಸ್ತೆ ಎಂದರೆ ಮಾತ್ರ ತಕ್ಷಣ ಗೊತ್ತಾಗುತ್ತದೆ. ಹಾಗೆ ಹೇಳಿದವರನ್ನು ಅವನು ಒಮ್ಮೆ ಕನ್ನಡಿಯಲ್ಲಿ ನೋಡಿಕೊಳ್ಳುತ್ತಾನೆ. ಊರಿನ ದೊಡ್ಡವರೆಲ್ಲ ಇರುವುದು ಅಲ್ಲೇ. ಕರಿಕಲ್ಲಿನ ಕ್ವಾರಿಯವರು, ಗುತ್ತಿಗೆದಾರರು, ಅರಿಸಿನದ ಮಂಡಿಯವರು, ಸ್ವಂತ ಆಸ್ಪತ್ರೆ ಇಟ್ಟುಕೊಂಡ ಡಾಕ್ಟರು. ಪಾರ್ಕಿನ ಮೂರು ಬದಿಗೆ ಅವರ ಮನೆಗಳಿವೆ. ನಾಲ್ಕನೆಯ ಬದಿಯಲ್ಲಿ ಹಳೆಯ ಬೀದಿಯ ಹಿಂಗೋಡೆಗಳು ಕಾಣುತ್ತವೆ. ಆ ಕಡೆಯ ಕಾಂಪೌಂಡ್ ಮಾತ್ರ ಉಳಿದ ಮೂರು ಕಡೆಗಿಂತ ಎರಡು ಪಟ್ಟು ಎತ್ತರವಿದೆ, ಮೇಲೆ ಗಾಜಿನ ಚೂರು ನೆಟ್ಟಿದೆ.

ನಾನು ಆ ರಸ್ತೆಯಲ್ಲೇ ಬೆಳೆದವನು. ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಹೊರಗಿನಿಂದ ನೋಡಿದರೆ ಸಾಧು ಮನುಷ್ಯ. ಆ ಪಾರ್ಕಿನೊಳಗೆ ಒಂದು ಬೆಳಿಗ್ಗೆ ಒಬ್ಬರನ್ನು ನೆಲಕ್ಕೆ ಕೆಡವಿ ಹೊಡೆದ ಆರು ಜನರಲ್ಲಿ ನಾನೂ ಒಬ್ಬ. ಅದನ್ನು ಹೇಳುವ ಮೊದಲು ಪಾರ್ಕ್ ಹುಟ್ಟಿದ ಕತೆ ಹೇಳಬೇಕು, ಏಕೆಂದರೆ ಅಲ್ಲಿ ಮೊದಲು ಸುರಿದ ರಕ್ತ ನಮ್ಮಪ್ಪನದು.

ಅಪ್ಪ ರೇಷ್ಮೆ ಇಲಾಖೆಯಲ್ಲಿದ್ದರು. ಊರು ಜಿಲ್ಲಾ ಕೇಂದ್ರವಾದ ಮೇಲೆ ಎಲ್ಲೆಲ್ಲೋ ಸೈಟುಗಳಾದವು. ಆಗ ಅಪ್ಪನಿಗೂ ಒಂದು ಸಿಕ್ಕಿತು, ಮೂವತ್ತು ನಲವತ್ತರದ್ದು. ಎರಡು ಕೋಣೆಯ ಶೀಟಿನ ಮನೆ ಕಟ್ಟಿಕೊಂಡು ನಾವು ಬಂದಾಗ ಸುತ್ತ ಏಳೆಂಟು ಮನೆಗಳಿದ್ದವು, ಅಷ್ಟೆ. ಎದುರಿಗೆ ದೊಡ್ಡ ಬಯಲು. ನಕ್ಷೆಯಲ್ಲಿ ಅದಕ್ಕೆ ಹಸಿರು ಬಣ್ಣ ಬಳಿದು ಉದ್ಯಾನ ಎಂದು ಬರೆದಿತ್ತು. ನಕ್ಷೆ ನೋಡದ ಹಳೆಯ ಬೀದಿಯವರಿಗೆ ಅದು ಅರಿಸಿನದ ಕಣ. ಕಿತ್ತ ಅರಿಸಿನವನ್ನು ಕೊಪ್ಪರಿಗೆಯಲ್ಲಿ ಬೇಯಿಸಿ ಅಲ್ಲಿ ಹರವುತ್ತಿದ್ದರು. ಎರಡು ವಾರ ಬಯಲೆಲ್ಲ ಹಳದಿಯಾಗಿರುತ್ತಿತ್ತು. ನಮ್ಮ ಮನೆಯ ಬಟ್ಟೆಗಳಿಗೂ ಆ ವಾಸನೆ ಹಿಡಿಯುತ್ತಿತ್ತು. ಅಮ್ಮನಿಗೆ ಅದು ಇಷ್ಟ, ಅಪ್ಪನಿಗೆ ತಲೆನೋವು.

ನಾನು ಏಳನೆಯ ಕ್ಲಾಸಿನಲ್ಲಿದ್ದಾಗ ಸೈಟಿನವರೆಲ್ಲ ಸೇರಿ ಸಂಘ ಮಾಡಿಕೊಂಡರು. ಬಯಲಿಗೆ ಬೇಲಿ ಹಾಕುವುದೆಂದು ತೀರ್ಮಾನವಾಯಿತು. ಮುಂದೆ ನಿಂತವರು ಆಗಿನ್ನೂ ಮೂವತ್ತು ದಾಟದ ಒಬ್ಬ ಗುತ್ತಿಗೆದಾರರು. ಮುಂದೆ ಕ್ವಾರಿ ತೆಗೆದುಕೊಂಡು ಸಂಘದ ಕಾಯಂ ಅಧ್ಯಕ್ಷರಾದವರು ಅವರೇ. ಬೇಲಿ ಹಾಕುವ ದಿನ ಕಣದಲ್ಲಿ ಇನ್ನೂ ಅರಿಸಿನ ಒಣಗುತ್ತಿತ್ತು. ನಾಲ್ಕು ದಿನ ಬಿಡಿ ಎಂದು ಹೆಂಗಸರು ಕೈಮುಗಿದು ಕೇಳಿದರು.

ಗುತ್ತಿಗೆದಾರರು, “ಎಷ್ಟು ಸಲ ಹೇಳ್ಬೇಕು ನಿಮ್ಗೆ? ಎತ್ರೋ ಅದನ್ನ!” ಎಂದು ತಮ್ಮ ಆಳುಗಳಿಗೆ ಕೂಗಿದರು. ಆಳುಗಳು ಟಾರ್ಪಾಲಿನ ತುದಿ ಹಿಡಿದು ಎಳೆದರು. ಅರಿಸಿನ ಮಣ್ಣಿಗೆ ಬಿತ್ತು. ಒಬ್ಬ ಮುದುಕಿ ರಾಶಿಯ ಮೇಲೆ ಬೋರಲು ಮಲಗಿಬಿಟ್ಟಳು. ಇಬ್ಬರು ಅವಳ ಕಾಲು ಹಿಡಿದು ದರದರನೆ ಎಳೆದರು. ಸೀರೆ ಮೊಣಕಾಲಿನವರೆಗೆ ಸರಿಯಿತು. ಅವಳು ಕೈಗೆ ಸಿಕ್ಕ ಅರಿಸಿನದ ಕೊಂಬುಗಳನ್ನು ಬಿಡಲಿಲ್ಲ. ಅವಳ ಮಗ, ಇಪ್ಪತ್ತೈದರ ರೈತ, ಗುದ್ದಲಿ ಎತ್ತಿಕೊಂಡು ಓಡಿ ಬಂದ. ಅವನ ಹಿಂದೆ ಬೀದಿಯೇ ಬಂತು. ಆಮೇಲೆ ಯಾರು ಯಾರಿಗೆ ಹೊಡೆಯುತ್ತಿದ್ದಾರೆಂದು ಕಾಣಲಿಲ್ಲ. ದೂಳು, ಬೈಗುಳ, ಕಲ್ಲು. ನಾನು ಗೇಟಿಗೆ ಆತುಕೊಂಡು ನೋಡುತ್ತಿದ್ದೆ. ಅಪ್ಪ ಜಗಳಕ್ಕೆ ಹೋದವರಲ್ಲ. ಬೇಲಿಯ ಅಳತೆಗೆ ದಾರದ ಒಂದು ತುದಿ ಹಿಡಿದು ನಿಂತಿದ್ದರು, ಹಾಗೆಯೇ ನಿಂತಿರುವಾಗ ಕಲ್ಲೊಂದು ಹುಬ್ಬಿನ ಮೇಲೆ ಬಿತ್ತು. ಅವರು ದಾರ ಬಿಟ್ಟು ಮೆಲ್ಲಗೆ ಕುಳಿತುಕೊಂಡರು. ಮುಖದ ಅರ್ಧ ಕೆಂಪಾಗಿತ್ತು.

ಗುತ್ತಿಗೆದಾರರೇ ಅವರನ್ನು ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ಹೊಲಿಗೆ ಹಾಕಿಸಿಕೊಂಡು ಬಂದ ಅಪ್ಪನನ್ನು ಸಂಘದವರೆಲ್ಲ ಸುತ್ತುವರಿದು ಯಾರು ಹೊಡೆದದ್ದೆಂದು ಕೇಳಿದರು. ಅಪ್ಪ ನೋಡಿರಲಿಲ್ಲ. ಆದರೂ ಮುದುಕಿಯ ಮಗನೇ ಎಂದರು. ಅವರೆಲ್ಲ ಕೇಳಲು ಕಾಯುತ್ತಿದ್ದದ್ದೂ ಅದೇ ಮಾತು. ಸಂಜೆ ಆ ರೈತನನ್ನು ಹಿಡಿದು ತಂದು ಲೈಟ್ ಕಂಬಕ್ಕೆ ಕಟ್ಟಿ ಹೊಡೆದರು. ಅವನ ತಾಯಿ ದೂರದಲ್ಲಿ ಎದೆ ಬಡಿದುಕೊಳ್ಳುತ್ತಿದ್ದಳು. ಅಮ್ಮ ಕಿಟಕಿ ಮುಚ್ಚಿದಳು. ಸದ್ದು ಕೇಳುತ್ತಲೇ ಇತ್ತು. ಅದಾಗಿ ತಿಂಗಳೊಳಗೆ ಅವನು ತಾಯಿಯನ್ನು ಕರೆದುಕೊಂಡು ಊರು ಬಿಟ್ಟ. ತಮಿಳುನಾಡಿನ ಕಡೆ ಹೋದನೆಂದು ಕೆಲವರು, ಇಲ್ಲವೆಂದು ಕೆಲವರು. ಸಾಯುವ ವರ್ಷ ಅಪ್ಪ ಒಮ್ಮೆ ನನ್ನೊಡನೆ ಅಂದರು: “ಆ ಕಲ್ಲು ಎಲ್ಲಿಂದ ಬಂತೋ ನಂಗೆ ಗೊತ್ತಿರ್ಲಿಲ್ಲ ಕಣಪ್ಪ. ಸುಮ್ನೆ ಹೇಳ್ಬುಟ್ಟೆ.” ನಾನು ಆಗಲಿ ಬಿಡಿ ಎಂದೆ.

ಪಾರ್ಕ್ ಚೆನ್ನಾಗಿಯೇ ಬೆಳೆಯಿತು. ಹೊಂಗೆ, ಬೇವು, ಆಕಾಶಮಲ್ಲಿಗೆ ಎತ್ತರವಾದವು. ಸುತ್ತಲೂ ನಡೆಯಲು ಟೈಲ್ಸ್ ಹಾಕಿದರು, ಕಲ್ಲುಬೆಂಚುಗಳು ಬಂದವು. ಮೈಸೂರಿನಿಂದ ಬಂದ ನೆಂಟರು ನಮ್ಮೂರಲ್ಲೂ ಇಂಥ ಜಾಗ ಇದೆಯೇ ಎಂದು ಹುಬ್ಬೇರಿಸುತ್ತಿದ್ದರು. ಸೈಟುಗಳ ಬೆಲೆ ಏರಿತು. ಶೀಟಿನ ಮನೆಗಳು ಹೋಗಿ ಮೂರಂತಸ್ತು ಎದ್ದವು. ಹೊಡೆತ ಮಾತ್ರ ನಿಲ್ಲಲಿಲ್ಲ, ಸಣ್ಣದಾಯಿತು. ಹಳೆಯ ಬೀದಿಯಿಂದ ಮೇಕೆಯೊಂದು ಒಳಗೆ ನುಗ್ಗಿ ಗಿಡ ತಿಂದಿತು. ಅಧ್ಯಕ್ಷರು ಕಬ್ಬಿಣದ ಸಲಾಕೆಯಿಂದ ಅದರ ಮುಂಗಾಲು ಮುರಿದರು. ಅದು ಮೂರು ಕಾಲಿನಲ್ಲಿ ಕುಂಟುತ್ತ ಅರಚುತ್ತ ಗೇಟಿನವರೆಗೆ ಹೋಗಿ ಬಿತ್ತು. ಸೊಪ್ಪು ಮಾರುವ ಹೆಂಗಸು ಬೆಂಚಿನ ಮೇಲೆ ಬುಟ್ಟಿ ಇಟ್ಟಳೆಂದು ಯಾರೋ ಬುಟ್ಟಿಯನ್ನು ಒದ್ದರು. ಇಂಥವೆಲ್ಲ ನಡೆದ ಮೇಲೆ ನಾವು ಇನ್ನೊಂದು ಸುತ್ತು ನಡೆದು ಮನೆಗೆ ಬಂದು ಕಾಫಿ ಕುಡಿಯುತ್ತಿದ್ದೆವು. ನಾವು ಎಂದು ಬರೆಯುವಾಗ ನನ್ನನ್ನು ಸೇರಿಸಿಯೇ ಬರೆಯುತ್ತಿದ್ದೇನೆ.

ಅಪ್ಪ ಹೋದ ಮೇಲೆ ನಾನೂ ಮನೆ ಕೆಡವಿ ಕಟ್ಟಿಸಿದೆ. ಅಕ್ಕಪಕ್ಕದ ಮನೆಗಳ ನಡುವೆ ನಮ್ಮ ಶೀಟಿನ ಮನೆ ಬಡವರ ಮಗುವಿನಂತೆ ನಿಂತಿರುತ್ತಿತ್ತು. ಅಧ್ಯಕ್ಷರು ಒಮ್ಮೆ ಎಲ್ಲರ ಮುಂದೆ, “ಮೇಷ್ಟ್ರ ಮನೆ ನೋಡುದ್ರೆ ರೋಡಿನ ಅಂದವೇ ಓಯ್ತದೆ” ಎಂದು ನಕ್ಕಿದ್ದರು. ಆ ನಗು ಮರೆಯಲು ನನಗೆ ಎರಡಂತಸ್ತು ಬೇಕಾಯಿತು. ಹಾಲಿನ ನೆಲಕ್ಕೆ ಕರಿಯ ಗ್ರಾನೈಟ್ ಹಾಕಿಸಿದೆ.

ಅದನ್ನು ಪಾಲಿಶ್ ಮಾಡಲು ಬಂದವರು ಗುಂಡ್ಲುಪೇಟೆಯವರು. ಐವತ್ತರ ಹತ್ತಿರದ, ಕುಳ್ಳಗಿನ, ಗಟ್ಟಿ ಮೈಯ ಮನುಷ್ಯ. ದಿನಾ ಮೊದಲ ಬಸ್ಸಿಗೆ ಬಂದು ಕತ್ತಲಾಗುವ ಮೊದಲು ಹೊರಡುತ್ತಿದ್ದರು. ಹನ್ನೊಂದು ದಿನ ನಮ್ಮ ಮನೆಯಲ್ಲಿ ಆ ಯಂತ್ರದ ಸದ್ದು. ಮೊಣಕೈವರೆಗೆ ಬಿಳಿ ಕೆಸರು ಮೆತ್ತಿಕೊಂಡು, ಮೂಲೆಗಳನ್ನು ಮಾತ್ರ ಕಲ್ಲು ಹಿಡಿದು ಕೈಯಲ್ಲೇ ತಿಕ್ಕುತ್ತಿದ್ದರು. ನನ್ನ ಹೆಂಡತಿಯ ತವರು ಗುಂಡ್ಲುಪೇಟೆ. ಒಂದೇ ಊರೆಂದು ತಿಳಿದ ದಿನದಿಂದ ಅವಳು ಅವರನ್ನು ಅಣ್ಣ ಎಂದಳು. ಊಟಕ್ಕೆ ಅಡುಗೆಮನೆಯಲ್ಲೇ ಕೂರಿಸಿದಳು. ಕೆಲಸ ಮುಗಿದ ದಿನ ಅವರು ನಮ್ಮ ಮಗಳನ್ನು ನೆಲದ ಮೇಲೆ ನಿಲ್ಲಿಸಿ, “ನೋಡು ಕಣಮ್ಮಿ, ನಿನ್ ಮಕ ಕಾಣ್ತದಾ? ನೆಲ ಅಂದ್ರೆ ನೀರ್ ನಿಂತಂಗಿರ್ಬೇಕು” ಎಂದಿದ್ದರು. ನಾನು ಅವರೊಡನೆ ಆಡಿದ್ದು ಹತ್ತು ಮಾತೂ ಇರಲಾರದು. ಮುಖ ಮಾತ್ರ ನೆನಪಿತ್ತು. ನೆನಪಿತ್ತು ಎಂಬುದನ್ನು ಬರೆದಿಡಬೇಕು.

ಅದಾಗಿ ನಾಲ್ಕು ವರ್ಷದ ಮೇಲೆ, ಮಾಗಿಯ ಒಂದು ಮುಂಜಾನೆ, ಪಾರ್ಕಿನ ಹಿಂದಿನ ಗೇಟಿನ ಬಳಿ ಅಧ್ಯಕ್ಷರ ಹೆಂಡತಿಯ ಕೊರಳಿನ ಸರ ಕಿತ್ತುಕೊಂಡು ಹೋದರು. ಬೈಕಿನಲ್ಲಿ ಇಬ್ಬರು, ತಲೆಗೆ ಟೋಪಿ. ಆಕೆ ಸರ ಬಿಡಲಿಲ್ಲ. ಅವರು ಬೈಕ್ ನಿಲ್ಲಿಸಲಿಲ್ಲ. ಹತ್ತು ಮಾರು ಎಳೆದುಕೊಂಡು ಹೋದರು. ಮಂಡಿಯ ಚರ್ಮ ಹೋಗಿ ಮೂಳೆ ಕಾಣುತ್ತಿತ್ತು. ಕೊರಳ ಸುತ್ತ ಚಾಕುವಿನಲ್ಲಿ ಗೆರೆ ಎಳೆದಂತಿತ್ತು. ನಾವೆಲ್ಲ ನೋಡಲು ಹೋದಾಗ ಆಕೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ಅಧ್ಯಕ್ಷರು ಬಲಗೈಯ ಮುಷ್ಟಿಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕುಳಿತಿದ್ದರು.

ಅವತ್ತಿನಿಂದ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬರೀ ಬೆಂಕಿ. ಹೊಸಬರು ಕಂಡರೆ ಹಿಡಿಯಿರಿ, ಕೇಳಿರಿ, ಬಿಡಬೇಡಿರಿ. ನಾನೂ ಒಂದು ಹೆಬ್ಬೆಟ್ಟಿನ ಗುರುತು ಒತ್ತಿದೆ. ವಾಕಿಂಗಿಗೆ ಹೋಗುವಾಗ ನಾಯಿ ಓಡಿಸಲು ಒಯ್ಯುತ್ತಿದ್ದ ಬೆತ್ತವನ್ನು ಬಿಗಿಯಾಗಿ ಹಿಡಿದುಕೊಳ್ಳತೊಡಗಿದೆ.

ನಾಲ್ಕನೆಯ ದಿನ ಶನಿವಾರ. ಆರೂವರೆ ಆಗಿತ್ತು, ಮಂಜು ಇನ್ನೂ ಮರಗಳ ನಡುವೆ ಇತ್ತು. ನಾವು ಆರು ಜನ ಎರಡನೆಯ ಸುತ್ತಿನಲ್ಲಿದ್ದೆವು. ಅಧ್ಯಕ್ಷರು, ಡಾಕ್ಟರು, ನಾನು, ಇನ್ನು ಮೂವರು ಗುತ್ತಿಗೆದಾರರು. ಹಿಂದಿನ ಗೇಟಿನ ಹತ್ತಿರದ ಬೆಂಚಿನ ಮೇಲೆ ಒಬ್ಬ ಕುಳಿತಿದ್ದ. ತಲೆ, ಕಿವಿ, ಮುಖವನ್ನೆಲ್ಲ ಟವಲ್ಲಿನಿಂದ ಸುತ್ತಿಕೊಂಡು, ಕಾಲ ಬಳಿ ಒಂದು ಗೋಣಿಚೀಲ ಇಟ್ಟುಕೊಂಡು, ಕಂಬಿಗಳ ಸಂದಿನಿಂದ ಮನೆಗಳ ಕಡೆ ನೋಡುತ್ತಿದ್ದ.

“ಯಾರ್ಲಾ ಅವ್ನು?” ಎಂದರು ಅಧ್ಯಕ್ಷರು. ಆತ ಎದ್ದು ನಿಂತ. ಕೆಲಸಕ್ಕೆ ಬಂದೀನಿ, ಎಂಟು ಗಂಟೆಗೆ ಬಾ ಅಂದವ್ರೆ, ಬಸ್ಸು ಬೇಗ ಬಂತು ಎಂದು ಟವಲ್ಲಿನ ಒಳಗಿಂದಲೇ ಹೇಳಿದ. ಯಾರ ಮನೆ ಎಂದು ಡಾಕ್ಟರು ಕೇಳಿದರು. ಆ ತುದಿಯ ಹೊಸ ಮನೆ ಎಂದು ಕೈ ತೋರಿಸುವಷ್ಟರಲ್ಲಿ ಒಬ್ಬರು ಗೋಣಿಚೀಲವನ್ನು ಮಗುಚಿದ್ದರು. ಉಳಿ, ಸುತ್ತಿಗೆ, ನಾಲ್ಕೈದು ತಿಕ್ಕುವ ಕಲ್ಲು, ಒಂದು ಟಿಫಿನ್ ಡಬ್ಬಿ ಟೈಲ್ಸಿನ ಮೇಲೆ ಬಿದ್ದವು.

“ಬೀಗ ಒಡ್ಯೋ ಸಾಮಾನು!” ಎಂದು ಯಾರೋ ಕಿರುಚಿದರು.

ಮೊದಲ ಏಟು ಅಧ್ಯಕ್ಷರದು, ಅಂಗೈ ಅಗಲಿಸಿ ಕಿವಿಯ ಮೇಲೆ ಕೊಟ್ಟದ್ದು. ಪಟಾಕಿ ಹೊಡೆದಂಥ ಸದ್ದು. ಟವಲ್ಲು ಬಿಚ್ಚಿ ಬಿತ್ತು. ಆಗ ಮುಖ ಕಂಡಿತು.

ಅವರೂ ನನ್ನನ್ನು ಕಂಡರು. ಬೀಳದಂತೆ ಬೆಂಚು ಹಿಡಿದುಕೊಂಡು, ಉಳಿದವರ ನಡುವಿನಿಂದ ನನ್ನ ಕಡೆ ಕೈ ಚಾಚಿ ಕೂಗಿದರು: “ಸಾ, ನೀವ್ ಯೋಳಿ ಸಾ! ನಿಮ್ಗೆ ನನ್ ಗೊತ್ತಲ್ಲ ಸಾ! ನಿಮ್ ಮನೇಲಿ ಕೆಲ್ಸ ಮಾಡೀವ್ನಿ!”

ಐದು ಮುಖಗಳೂ ನನ್ನ ಕಡೆ ತಿರುಗಿದವು. ಅಧ್ಯಕ್ಷರು, “ಏನ್ ಮೇಷ್ಟ್ರೇ, ನಿಮ್ಮೋನಾ?” ಎಂದರು.

ಒಂದು ಮಾತು ಸಾಕಿತ್ತು. ಹೌದು, ಪಾಲಿಶ್ ಕೆಲಸದವರು, ಬಿಡಿ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ‘ನಿಮ್ಮೋನಾ’ ಎಂಬ ಆ ಪ್ರಶ್ನೆ ನನ್ನನ್ನು ಅವರ ಕಡೆಯಿಂದ ಎತ್ತಿ ಆ ಬೆಂಚಿನ ಪಕ್ಕಕ್ಕೆ ಇಟ್ಟಂತಾಯಿತು. ಕಳ್ಳನಿಗೆ ದಾರಿ ತೋರಿಸಿದವನು ಇವನೇ ಎನ್ನುತ್ತಾರೇನೋ ಎಂದು ಹೆದರಿಕೆಯಾಯಿತು. “ಯಾರೋ ಏನೋ, ನಂಗೊತ್ತಿಲ್ಲ” ಎಂದೆ. ಎಂದವನು ಸುಮ್ಮನೆ ನಿಲ್ಲಲಿಲ್ಲ. ಗೊತ್ತಿಲ್ಲ ಎಂಬುದನ್ನು ರುಜುವಾತು ಮಾಡಬೇಕಿತ್ತೇನೋ, ಬೆತ್ತ ಎತ್ತಿ ಚಾಚಿದ ಆ ತೋಳಿನ ಮೇಲೆಯೇ ಬಾರಿಸಿದೆ.

ಅದು ಅವರಿಗೆಲ್ಲ ಅಪ್ಪಣೆ ಸಿಕ್ಕಂತಾಯಿತು. ಕೆಳಗೆ ಕೆಡವಿದರು. ಶೂಗಳು ಪಕ್ಕೆಗೆ, ಬೆನ್ನಿಗೆ, ತೊಡೆಗೆ ಬೀಳುತ್ತಿದ್ದವು. “ಒಡೀಬ್ಯಾಡಿ ಸಾ, ಮಕ್ಳಾಣೆ ಸಾ, ನಾನ್ ಕಳ್ಳ ಅಲ್ಲ ಸಾ” ಎನ್ನುತ್ತಿದ್ದವರು ಸ್ವಲ್ಪ ಹೊತ್ತಿಗೆ ಬರೀ ಅವ್ವಾ ಅವ್ವಾ ಎನ್ನತೊಡಗಿದರು. ನಾನು ಬೆನ್ನಿಗೆ ಒಂದು, ಕಾಲಿಗೆ ಒಂದು ಕೊಟ್ಟೆ. ಬೆತ್ತ ಮೈಗೆ ತಗುಲಿದಾಗ ಕೈಗೆ ಬಂದ ಆ ಅದುರು ಈಗಲೂ ಅಂಗೈಯಲ್ಲಿದೆ. ಸುಳ್ಳು ಬರೆಯಲಾರೆ, ಆ ಹೊತ್ತಿಗೆ ನನಗೆ ಹಿತವಾಗಿತ್ತು. ಆ ರಸ್ತೆಗೆ ನಾನು ಬಂದು ಇಪ್ಪತ್ತೈದು ವರ್ಷವಾಗಿದ್ದರೂ ಆ ಗಂಡಸರ ನಡುವೆ ಭುಜಕ್ಕೆ ಭುಜ ತಾಗಿಸಿ ನಿಂತದ್ದು ಅದೇ ಮೊದಲು.

ಅಧ್ಯಕ್ಷರು ನೆಲದಲ್ಲಿ ಬಿದ್ದಿದ್ದ ಸುತ್ತಿಗೆ ಎತ್ತಿಕೊಂಡರು. ಒಬ್ಬರು ಬಲಗೈಯನ್ನು ಟೈಲ್ಸಿನ ಮೇಲೆ ತುಳಿದು ಹಿಡಿದರು. “ಯಾವ್ ಕೈಲಿ ಕಿತ್ಕಂಡ್ಯಲಾ? ಈ ಕೈಲಾ?” ಎಂದು ಕೇಳಿ ಸುತ್ತಿಗೆ ಇಳಿಸಿದರು. ಎರಡು ಸಲ. ಅವರು ಕಿರುಚಿದ್ದಕ್ಕೆ ಹೊಂಗೆಮರದ ಹಕ್ಕಿಗಳೆಲ್ಲ ಎದ್ದವು. ಆಮೇಲೆ ಅಲುಗಾಟ ನಿಂತಿತು. ಆಗ ಡಾಕ್ಟರು ಬಗ್ಗಿ, ಒಂದು ನಿಮಿಷದ ಹಿಂದೆ ಒದ್ದಿದ್ದ ಅದೇ ಮನುಷ್ಯನ ನಾಡಿ ಹಿಡಿದು ನೋಡಿದರು. “ಏನಾಗಿಲ್ಲ, ನಾಟಕ” ಎಂದರು. ಆದರೆ ಅವರ ಮುಖ ಬಿಳಚಿತ್ತು. ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಜೀಪು ಬರುವಷ್ಟರಲ್ಲಿ ಬೆಂಚಿನ ಸುತ್ತ ಯಾರೂ ಇರಲಿಲ್ಲ. ನಾನು ಮನೆಯಲ್ಲಿದ್ದೆ.

ಹೆಂಡತಿ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನನ್ನ ಬಿಳಿ ಟೀ ಶರ್ಟಿನ ಮೇಲಿನ ಕಲೆ ನೋಡಿ ಗಾಬರಿಯಾದಳು. ನಿಮಗೇನಾಯಿತು ಎಂದಳು. ನನಗೇನಿಲ್ಲ, ಕಳ್ಳನೊಬ್ಬ ಸಿಕ್ಕಿದ್ದ ಎಂದೆ. ಎಂಟು ಗಂಟೆಯ ಹೊತ್ತಿಗೆ ಗುಂಪಿನಲ್ಲಿ ಫೋಟೋ ಬಂತು. ಅವಳು ಫೋಟೋವನ್ನು ದೊಡ್ಡದು ಮಾಡಿ ನೋಡಿದಳು.

“ಇದು ನಮ್ಮಣ್ಣ ಕಣ್ರೀ,” ಎಂದಳು. “ಈ ನೆಲ ಮಾಡ್ದೋರು.”

ನಾನು ಪೇಪರಿನ ಪುಟ ತಿರುವಿದೆ.

“ನಿಮ್ಗೆ ಗುರ್ತು ಸಿಗ್ಲಿಲ್ವಾ?”

“ಮಂಜಿತ್ತು” ಎಂದೆ. ಅವಳು ನನ್ನ ಮುಖ ನೋಡಿದಳು. ಹತ್ತು ವರ್ಷ ಜೊತೆಗೆ ಬಾಳಿದವಳಿಗೆ ಅಷ್ಟು ಸಾಕು. ಬಚ್ಚಲಿನಲ್ಲಿ ನೆನೆಸಿದ್ದ ಆ ಟೀ ಶರ್ಟನ್ನು ಹಿಂಡದೆ ತಂದು ನನ್ನ ಮುಖದ ಮೇಲೆ ಬೀಸಿ ಎಸೆದಳು. ಒದ್ದೆ ಬಟ್ಟೆ ಕೆನ್ನೆಗೆ ಏಟಿನಂತೆ ಬಿತ್ತು. ಚಪ್ಪಲಿ ಮೆಟ್ಟಿಕೊಂಡು ಆಸ್ಪತ್ರೆಗೆ ಹೋದಳು. ಸಂಜೆಯವರೆಗೂ ಬರಲಿಲ್ಲ.

ಬಂದ ಮೇಲೆ ಗೋಡೆಗೆ ಹೇಳುವಂತೆ ಹೇಳಿದಳು: ಬಲಗೈಯ ಮೂರು ಬೆರಳಿನ ಮೂಳೆ ಪುಡಿಯಾಗಿದೆ, ಎರಡು ಪಕ್ಕೆಲುಬು ಮುರಿದಿದೆ, ಎಡಗಿವಿ ಇನ್ನು ಕೇಳುವುದಿಲ್ಲ. ಹೊಸ ಮನೆಯ ಯಜಮಾನರು ಆಸ್ಪತ್ರೆಗೇ ಬಂದು, ನಾನೇ ಬರಹೇಳಿದ್ದು ಎಂದು ಪೊಲೀಸರಿಗೆ ಹೇಳಿದ್ದಾರೆ. ಎರಡು ವಾರದಲ್ಲಿ ಸರ ಕಿತ್ತ ಆ ಇಬ್ಬರೂ ಬೇರೆ ಕಡೆ ಸಿಕ್ಕಿಬಿದ್ದರು, ಸರವೂ ಸಿಕ್ಕಿತು. ಆದರೆ ಪಾರ್ಕಿನಲ್ಲಿ ಹೊಡೆದವರು ಯಾರೆಂದು ಪೊಲೀಸರು ಮನೆಮನೆಗೆ ಬಂದು ಕೇಳಿದಾಗ ನೋಡಿದವರು ಯಾರೂ ಇರಲಿಲ್ಲ. ಹಿಂದಿನ ಗೇಟಿನ ಕ್ಯಾಮೆರಾ ಕೆಟ್ಟಿತ್ತಂತೆ. ಎಲ್ಲರೂ ಮನೆಯಲ್ಲಿದ್ದರಂತೆ. ನಾನೂ ಹಾಗೆಯೇ ಹೇಳಿದೆ. ಪೆಟ್ಟು ತಿಂದವರಿಗೆ ನಮ್ಮ ಹೆಸರುಗಳು ಗೊತ್ತಿರಲಿಲ್ಲ. ನನ್ನ ಮನೆ ಮಾತ್ರ ಗೊತ್ತಿತ್ತು, ಆದರೂ ಅವರು ಅದನ್ನು ಹೇಳಿರಲಿಲ್ಲ.

ಯಾಕೆ ಹೇಳಲಿಲ್ಲ ಎಂಬುದು ನನ್ನನ್ನು ತಿನ್ನತೊಡಗಿತು. ಹೆಂಡತಿ ನನ್ನೊಡನೆ ಅಡುಗೆ, ಮಗಳ ಸ್ಕೂಲು ಬಿಟ್ಟು ಬೇರೆ ಮಾತು ಆಡುತ್ತಿರಲಿಲ್ಲ. ಒಂದು ದಿನ ಗಲಾಟೆ ಮಾಡಿದ ವಿದ್ಯಾರ್ಥಿಯ ಮೇಲೆ ಕೈ ಎತ್ತಿದವನು, ಎತ್ತಿದ ಕೈಯನ್ನು ನೋಡಿ ಕ್ಲಾಸು ಬಿಟ್ಟು ಹೊರಗೆ ಬಂದೆ. ಆ ಭಾನುವಾರ ಗುಂಡ್ಲುಪೇಟೆಯ ಬಸ್ಸು ಹತ್ತಿದೆ. ಹೆಂಡತಿಯೂ ಬಂದಳು, ಬೇರೆ ಸೀಟಿನಲ್ಲಿ ಕುಳಿತಳು.

ಒಂದು ಗಲ್ಲಿಯ ಒಳಗೆ ಹಂಚಿನ ಮನೆ. ಅವರು ಜಗಲಿಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ಬಲಗೈಯ ಬೆರಳುಗಳಲ್ಲಿ ಕಂಬಿ, ಮೇಲೆ ಪಟ್ಟಿ. ಅವರ ಹೆಂಡತಿ ರಾಗಿ ಮುದ್ದೆಯನ್ನು ಸಣ್ಣ ಸಣ್ಣ ತುತ್ತು ಮಾಡಿ ಅವರ ಬಾಯಿಗೆ ಕೊಡುತ್ತಿದ್ದಳು. ನನ್ನ ಹೆಂಡತಿಯನ್ನು ಕಂಡು ಆಕೆಯ ಮುಖ ಅರಳಿತು. ಹಿಂದೆ ನನ್ನನ್ನು ಕಂಡು ಕೈಯಲ್ಲಿದ್ದ ತಟ್ಟೆಯನ್ನೇ ಎತ್ತಿ ಎಸೆದಳು. ಅದು ಬಾಗಿಲ ಕಂಬಕ್ಕೆ ಬಡಿದು ಬಿತ್ತು, ಸಾರು ನನ್ನ ಪ್ಯಾಂಟಿನ ಮೇಲೆ ಚೆಲ್ಲಿತು. “ಯಾವ್ ಮಕ ಇಟ್ಕಂಡ್ ಬಂದ್ರಿ? ಇನ್ನೇನ್ ಉಳ್ದದೆ ಅಂತ ಬಂದ್ರಿ?” ಎಂದು ಜಗಲಿಯಿಂದ ಇಳಿದು ನನ್ನ ಎದೆಗೆ ಗುದ್ದಿದಳು. ನಾನು ಅಲುಗದೆ ನಿಂತೆ. ನನ್ನ ಹೆಂಡತಿಯೂ ತಡೆಯಲಿಲ್ಲ.

“ಬುಡು ಅತ್ಲಾಗೆ,” ಎಂದರು ಅವರು. ಆಮೇಲೆ ಬಲಗಿವಿಯನ್ನು ನನ್ನ ಕಡೆ ತಿರುಗಿಸಿ ಕೇಳಿದರು: “ಒಂದೇ ಮಾತು ಯೋಳಿ ಸಾ. ನಾನ್ ಕೂಗ್ದಾಗ ನಿಮ್ಗೆ ಗುರ್ತು ಸಿಕ್ಕಿತ್ತಾ, ಇಲ್ವಾ?”

ಬಸ್ಸಿನಲ್ಲಿ ಬರುವಾಗ ಏನೇನೋ ಜೋಡಿಸಿಕೊಂಡಿದ್ದೆ. ಮಂಜು, ಗಾಬರಿ, ಟವಲ್ಲು. “ಸಿಕ್ಕಿತ್ತು” ಎಂದೆ.

ಅವರು ತಲೆಯಾಡಿಸಿದರು. “ಇಲ್ಲ ಅಂತ ಅನ್ಕಂಡಿದ್ದೆ. ಅದ್ಕೇ ಪೊಲೀಸ್ನೋರ್ಗೆ ನಿಮ್ಮನೆ ತೋರುಸ್ನಿಲ್ಲ. ಪಾಪ, ಗುರ್ತು ಸಿಕ್ನಿಲ್ಲ, ಜನದ್ ಜೊತ್ಗೆ ಒಂದೇಟು ಆಕುದ್ರು ಅಂತ.” ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, “ಆಯ್ತು, ಓಗಿ” ಎಂದರು.

ನಾನು ಕಾಲಿಗೆ ಬೀಳಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. “ಅದೆಲ್ಲ ಬ್ಯಾಡ. ನನ್ ಕೈ ನೋಡಿ. ಮೂವತ್ತೊರ್ಸ ಅನ್ನ ಆಕದ್ ಕೈ. ನಿಮ್ ಜನದಲ್ಲಿ ಒಬ್ನಾದ್ರೂ ಬಾಯ್ ಬುಟ್ಟು, ಇಂಗ್ ಮಾಡುದ್ವಿ ಅಂತ ಅನ್ಲಿ. ಅದು ಬುಟ್ಟು ಬ್ಯಾರೆ ಏನೂ ಬ್ಯಾಡ.”

ಮರುದಿನ ಕಾಲೇಜಿಗೆ ರಜೆ ಹಾಕಿ ಪೊಲೀಸ್ ಠಾಣೆಗೆ ಹೋದೆ. ಆರು ಹೆಸರು ಹೇಳಿದೆ, ಕೊನೆಯದು ನನ್ನದು. ಆಮೇಲೆ ಮ್ಯಾಜಿಸ್ಟ್ರೇಟರ ಮುಂದೆಯೂ ಹೇಳಿದೆ. ಸುತ್ತಿಗೆ ಎತ್ತಿದವರು ಯಾರು, ಕೈ ತುಳಿದವರು ಯಾರು, ನಾಡಿ ನೋಡಿದವರು ಯಾರು. ಆರು ಜನರನ್ನೂ ಹಿಡಿದರು. ಒಂದು ವಾರದ ಮೇಲೆ ಜಾಮೀನು ಸಿಕ್ಕಿತು. ನನ್ನನ್ನು ಕೆಲಸದಿಂದ ಅಮಾನತು ಮಾಡಿದರು. ಅದು ಸರಿಯಾದದ್ದೇ.

ಹೊರಗೆ ಬಂದ ಎರಡನೆಯ ದಿನ ಮಧ್ಯಾಹ್ನ ಅಧ್ಯಕ್ಷರು ನಾಲ್ಕು ಜನರೊಡನೆ ನಮ್ಮ ಗೇಟಿಗೆ ಬಂದರು. ನಾನು ಚಿಲಕ ತೆಗೆದೆ. “ನಿಮ್ಮಪ್ಪನ್ ತಲೆ ಒಡ್ದಾಗ ಎತ್ಕಂಡ್ ಓದೋನು ಯಾರ್ಲಾ?” ಎಂದು ಕೇಳಿ ಕೆನ್ನೆಗೆ ಬಾರಿಸಿದರು. ತುಟಿ ಒಡೆದು ಬಾಯಿಗೆ ಉಪ್ಪು ಬಂತು. “ನೀವೇ” ಎಂದೆ. ಇನ್ನೊಂದು ಬಾರಿಸಿದರು. ಅವರ ಜೊತೆ ಬಂದವರು ನನ್ನ ಸ್ಕೂಟರನ್ನು ಕೆಡವಿ ಕಲ್ಲು ಹಾಕಿದರು. ಕಿಟಕಿಯ ಗಾಜು ಒಡೆದು ಹಾಲಿನ ತುಂಬ ಚೆಲ್ಲಿತು. ಮಗಳು ಒಳಗೆ ಕಿರುಚುತ್ತಿದ್ದಳು. ಹೆಂಡತಿ ಹೊರಗೆ ಬಂದು ನನ್ನ ಪಕ್ಕ ನಿಂತಳು. “ಹೊಡೀರಿ,” ಎಂದಳು, “ಅವ್ರು ಕೈ ಎತ್ತಲ್ಲ. ನೀವು ದಣಿಯೋ ಗಂಟ ಹೊಡೀರಿ. ನಾನ್ ನೋಡ್ತಾ ಇರ್ತೀನಿ, ನೋಡಿದ್ದೀನಿ ಅಂತಾನೂ ಹೇಳ್ತೀನಿ.” ಅಧ್ಯಕ್ಷರ ಕೈ ಮೇಲೆದ್ದಲ್ಲೇ ನಿಂತಿತು. ಎದುರು ಮನೆಗಳ ಬಾಲ್ಕನಿಗಳಲ್ಲಿ ಹೆಂಗಸರು ನಿಂತಿದ್ದರು. ಅಧ್ಯಕ್ಷರ ಹೆಂಡತಿಯೂ ಇದ್ದರು, ಕೊರಳಿನ ಗಾಯದ ಗೆರೆ ಇನ್ನೂ ಕಪ್ಪಗಿತ್ತು. ಆಕೆ ಮೇಲಿನಿಂದ ಗಂಡನನ್ನು ಒಮ್ಮೆ ಕರೆದರು. ಜೋರಾಗಿ ಏನಲ್ಲ. ಅವರು ಕೈ ಇಳಿಸಿ ಹೊರಟುಹೋದರು.

ರಸ್ತೆಯಲ್ಲಿ ಈಗ ನಮ್ಮೊಡನೆ ಮಾತಾಡುವವರು ಕಡಿಮೆ. ಹಾಲಿನವನು ಬರುತ್ತಾನೆ, ಪೇಪರಿನವನು ಬರುತ್ತಾನೆ. ಮಗಳನ್ನು ಯಾರೂ ಹುಟ್ಟುಹಬ್ಬಕ್ಕೆ ಕರೆಯುವುದಿಲ್ಲ. ಅವಳಿಗೆ ಎಲ್ಲ ಗೊತ್ತಿದೆ, ನಾನೇ ಹೇಳಿದ್ದೇನೆ. ಕೇಳಿ ಮುಗಿದ ಮೇಲೆ ಅವಳು ನನ್ನ ಮಗ್ಗುಲಿನಿಂದ ಎದ್ದು ಹೋಗಿ ಅಮ್ಮನ ಮಗ್ಗುಲಲ್ಲಿ ಕುಳಿತಳು. ಕೆಲವು ತಿಂಗಳ ಮೇಲೆ ಮತ್ತೆ ನನ್ನ ಬಳಿ ಲೆಕ್ಕ ಹೇಳಿಸಿಕೊಳ್ಳಲು ಬಂದಳು. ಪಾರ್ಕಿನಲ್ಲಿ ಜನ ಎಂದಿನಂತೆ ನಡೆಯುತ್ತಾರೆ. ಹಿಂದಿನ ಗೇಟಿಗೆ ಬೀಗ ಹಾಕಿದ್ದಾರೆ. ಆ ಬೆಂಚನ್ನು ಕಿತ್ತು ಬೇರೆ ಕಡೆ ಇಟ್ಟಿದ್ದಾರೆ. ನಾನು ಒಳಗೆ ಹೋಗುವುದಿಲ್ಲ. ಮನೆ ಮಾರಿ ಹೋಗೋಣವೇ ಎಂದು ಹೆಂಡತಿಯನ್ನು ಕೇಳಿದೆ. “ಇಲ್ಲೇ ಇರೋಣ. ನೋಡ್ಕೊಂಡು ಇರಿ” ಎಂದಳು.

ಹೋದ ತಿಂಗಳು ಕೋರ್ಟಿನಲ್ಲಿ ಪೆಟ್ಟು ತಿಂದವರ ಸಾಕ್ಷಿ ಇತ್ತು. ಈ ನಡುವೆ ರಾಜಿಗೆ ಎಷ್ಟೋ ಜನ ಅವರ ಮನೆಗೆ ಹೋಗಿದ್ದರಂತೆ. ಎಲ್ಲರನ್ನೂ ಜಗಲಿಯಿಂದಲೇ ಕಳಿಸಿದ್ದಾರೆ. ಕೈಗೆ ಯಂತ್ರ ಹಿಡಿಯುವ ಬಲ ಬರಲಿಲ್ಲ. ಬದನಗುಪ್ಪೆಯ ಕೈಗಾರಿಕಾ ಪ್ರದೇಶದಲ್ಲಿ ಗೇಟಿನ ಬಳಿ ಕೂರುವ ಕೆಲಸ ಸಿಕ್ಕಿದೆ. ಕಟಕಟೆ ಹತ್ತಿ ನಿಂತವರು ಒಬ್ಬೊಬ್ಬರನ್ನೇ ಸೊಟ್ಟಗಾದ ಆ ಬೆರಳುಗಳಿಂದ ತೋರಿಸಿ, ಯಾರು ಏನು ಮಾಡಿದರೆಂದು ಹೇಳಿದರು. ವಕೀಲರು ಎಷ್ಟು ತಿರುಗಿಸಿ ಕೇಳಿದರೂ ದನಿ ಏರಿಸಲಿಲ್ಲ. ಕಿವಿ ಕೇಳದಿದ್ದಾಗ ಇನ್ನೊಂದು ಸಲ ಹೇಳಿ ಸಾ ಎಂದರು. ನನ್ನ ಸರದಿ ಬಂದಾಗಲೂ ಅದೇ ಬೆರಳುಗಳನ್ನು ಚಾಚಿದರು.

“ಇವ್ರು ಬೆತ್ತದಲ್ಲಿ ಒಡುದ್ರು. ಕೈಗೊಂದು, ಬೆನ್ಗೊಂದು, ಕಾಲ್ಗೊಂದು. ನನ್ನ ಗೊತ್ತಿದ್ದೂ ಒಡುದ್ರು.”

ನ್ಯಾಯಾಧೀಶರು ಬರೆಸಿಕೊಂಡರು. ಇದು ನಿಜವೇ ಎಂದು ನನ್ನನ್ನು ಕೇಳುವ ದಿನ ಇನ್ನೂ ಬಂದಿಲ್ಲ. ಬಂದಾಗ ಹೌದು ಎನ್ನುತ್ತೇನೆ. ಶಿಕ್ಷೆಯಾಗುತ್ತದೆ ಎಂದು ನನ್ನ ವಕೀಲರು ಹೇಳಿದ್ದಾರೆ.

ಮಧ್ಯಾಹ್ನ ಹೊರಗೆ ಬಂದಾಗ ಅವರು ಹುಣಸೆಮರದ ಕೆಳಗೆ ತಮ್ಮ ಹೆಂಡತಿಯೊಡನೆ ನಿಂತಿದ್ದರು. ನನ್ನ ಹೆಂಡತಿ ಓಡಿಹೋಗಿ ಅವರಿಗೆ ಟೀ ತಂದುಕೊಟ್ಟಳು. ಅವರು ಎಡಗೈಯಲ್ಲಿ ಲೋಟ ಹಿಡಿದು ಊದಿ ಊದಿ ಕುಡಿದರು. ಮಗಳು ಯಾವ ಕ್ಲಾಸು ಎಂದು ಅವಳನ್ನು ಕೇಳಿದರು. ನಾನು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ. ನನ್ನ ಕಡೆ ಅವರು ನೋಡಲಿಲ್ಲ, ನಾನೂ ಹತ್ತಿರ ಹೋಗಲಿಲ್ಲ. ಅವರು ಲೋಟವನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೇಳಿ, ರಸ್ತೆ ದಾಟಿ ನಿಲ್ದಾಣದ ಕಡೆ ನಡೆದರು.